ಇದು ಯಾರ ಕಿವಿಗೆ ಮಾಡಿದ್ದು?

ಹಬ್ಬದ ಸೇಲ್ ಶುರುವಾದ್ರೆ ಸಾಕು, ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರಾದ್ರೂ ಒಬ್ಬರು ಕೇಳೇ ಕೇಳ್ತಾರೆ: "ಗುರು, ಮೂರು ಸಾವಿರದೊಳಗೆ ಯಾವ್ ಇಯರ್‌ಫೋನ್ ತಗೊಳ್ಳಲಿ?" ಹಿಂದೆಯೇ ಐದಾರು ಲಿಂಕು ಬಂದು ಬೀಳ್ತವೆ. ಒಂದು ಬಡ್ಸು, ಇನ್ನೊಂದು ಕುತ್ತಿಗೆಗೆ ಹಾಕ್ಕೊಳ್ಳೋ ನೆಕ್‌ಬ್ಯಾಂಡು, ಮತ್ತೊಂದು ಕಿವಿಯನ್ನೇ ಪೂರ್ತಿ ಮುಚ್ಚೋ ದೊಡ್ಡ ಹೆಡ್‌ಫೋನು. ಎಲ್ಲದಕ್ಕೂ ನಾಲ್ಕೂ ಚಿಲ್ಲರೆ ಸ್ಟಾರು. ಎಲ್ಲದರ ಡಬ್ಬಿಯ ಮೇಲೂ ಅದೇ ನಾಲ್ಕು ದೊಡ್ಡ ಮಾತು. ಕೇಳಿದವನು ಮೊದಲಿಗಿಂತ ಹೆಚ್ಚು ಗೊಂದಲದಲ್ಲಿ ಬೀಳ್ತಾನೆ.

ನನ್ನನ್ನು ಕೇಳಿದರೆ ನಾನು ಮಾಡೆಲ್ ಹೆಸರು ಹೇಳೋದಿಲ್ಲ. ಮಾಡೆಲ್ಲು ಮುಂದಿನ ಸೇಲ್ ಹೊತ್ತಿಗೆ ಹಳತಾಗಿರುತ್ತೆ. ಹಳತಾಗದೇ ಇರೋದು ಅದರ ಆಕಾರ. ಈ ಒಂದೊಂದು ಆಕಾರವೂ ಒಂದೊಂದು ಕಾಲದಲ್ಲಿ, ಯಾರದೋ ಕಿವಿಗಿದ್ದ ತೊಂದರೆಗೆ ಪರಿಹಾರವಾಗಿ ಹುಟ್ಟಿಕೊಂಡಿದ್ದು. ಆ ತೊಂದರೆ ನಿಮ್ಮದೂ ಆಗಿದ್ದರೆ ಆ ಆಕಾರ ನಿಮಗೆ ಹೊಂದುತ್ತೆ, ಇಲ್ಲಾಂದ್ರೆ ಎಷ್ಟು ದುಡ್ಡು ಕೊಟ್ಟರೂ ಅಷ್ಟೇ. ಹಾಗಾಗಿ ಕೊಳ್ಳೋ ಮೊದಲು ಸ್ವಲ್ಪ ಹಿಂದಕ್ಕೆ ಹೋಗಿ ಬರೋಣ ಬನ್ನಿ.

ಕಿವಿಗೆ ಯಂತ್ರ ಹಚ್ಚಿಕೊಳ್ಳುವ ಅಭ್ಯಾಸ ಶುರುವಾದದ್ದು ಹಾಡಿಗಿಂತ ಹೆಚ್ಚಾಗಿ ಟೆಲಿಫೋನಿಗಾಗಿ. 1880ರ ದಶಕದ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಆಪರೇಟರುಗಳ ಎರಡೂ ಕೈ ತಂತಿ ಜೋಡಿಸುವುದರಲ್ಲೇ ಮುಳುಗಿರುತ್ತಿದ್ದವು. ಕೇಳೋದಕ್ಕೆ, ಮಾತಾಡೋದಕ್ಕೆ ಭುಜದ ಮೇಲೆ ಕೆಜಿಗಟ್ಟಲೆ ತೂಗುವ ಸಾಧನ ಹೊತ್ತುಕೊಂಡು ಕೂರುವವರೂ ಇದ್ದರು. 1891ರಲ್ಲಿ ಫ್ರಾನ್ಸಿನ ಎಂಜಿನಿಯರ್ ಅರ್ನೆಸ್ಟ್ ಮರ್ಕಾದಿಯೆ, ಕಿವಿಯೊಳಗೇ ಸೇರಿಸಿಕೊಳ್ಳುವ, ಸುಮಾರು 50 ಗ್ರಾಂ ತೂಕದ ಪುಟ್ಟ ಜೋಡಿಗೆ ಪೇಟೆಂಟ್ ಪಡೆದ. ಕಿವಿಗೆ ಉಜ್ಜಬಾರದು ಅಂತ ಅದಕ್ಕೆ ರಬ್ಬರಿನ ಹೊದಿಕೆ ಬೇರೆ. ಇವತ್ತು ನಿಮ್ಮ ಬಡ್ಸ್ ಡಬ್ಬಿಯಲ್ಲಿ ಮೂರು ಅಳತೆಯ ರಬ್ಬರ್ ಟಿಪ್ ಇಟ್ಟಿರ್ತಾರಲ್ಲ, ಆ ಯೋಚನೆಗೆ ಹೀಗೆ ನೂರಮೂವತ್ತು ವರ್ಷ ದಾಟಿದೆ.

ತಲೆಯ ಮೇಲೆ ಪಟ್ಟಿ, ಎರಡು ಕಡೆ ಎರಡು ಬಟ್ಟಲು ಅನ್ನೋ ಆಕಾರ ಗಟ್ಟಿಯಾಗಿ ನಿಂತದ್ದು 1910ರಲ್ಲಿ. ಅಮೆರಿಕದ ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್ವಿನ್ ಅನ್ನೋ ಮನುಷ್ಯ ತನ್ನ ಅಡುಗೆಮನೆಯಲ್ಲಿ ಕೂತು ಕೈಯಾರೆ ಮಾಡಿದ ಜೋಡಿಯೊಂದನ್ನ ನೌಕಾಪಡೆಗೆ ಕಳಿಸಿದ. ಪರೀಕ್ಷಿಸಿ ನೋಡಿದ ಅಧಿಕಾರಿಗಳಿಗೆ ಆಶ್ಚರ್ಯ. ಇದು ತಮ್ಮಲ್ಲಿದ್ದದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಹೆಚ್ಚು ಬೇಕು ಅಂತ ಕೇಳಿದರೆ, ಒಂದು ಸಲಕ್ಕೆ ಹತ್ತಕ್ಕಿಂತ ಜಾಸ್ತಿ ಮಾಡಕ್ಕಾಗಲ್ಲ ಅಂದನಂತೆ. ಅಡುಗೆಮನೆ ತಾನೇ! ವೈರ್‌ಲೆಸ್ ಸಂದೇಶದ ಕ್ಷೀಣ ಸದ್ದು ಕೇಳಬೇಕಾದವನಿಗೆ ಸುತ್ತಲಿನ ಗದ್ದಲ ಆಚೆ ಉಳಿಯಬೇಕಿತ್ತು. ಕಿವಿ ಮುಚ್ಚುವ ಹೆಡ್‌ಫೋನಿನ ಮೂಲ ಉದ್ದೇಶ ಅದು: ಕೆಲಸದ ಮೇಲೆ ಗಮನ.

ಹಾಡಿಗಾಗಿ ಹೆಡ್‌ಫೋನು ಅನ್ನೋದು ಬಹಳ ತಡವಾಗಿ ಬಂದ ಯೋಚನೆ. 1958ರಲ್ಲಿ ಮಿಲ್ವಾಕಿಯ ಜಾನ್ ಕಾಸ್ ಸ್ಟೀರಿಯೊ ಹೆಡ್‌ಫೋನು ಮಾರುಕಟ್ಟೆಗೆ ತಂದ. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪನಿ ಎಚ್‌ಡಿ 414 ಅನ್ನೋ ಹಗುರ ಹೆಡ್‌ಫೋನು ತಂದಿತು. ಹಳದಿ ಸ್ಪಂಜು, ಹಿಂಬದಿ ತೆರೆದೇ ಇರುವ ಬಟ್ಟಲು. ಸದ್ದು ಒಳಗೂ ಬರುತ್ತೆ, ಹೊರಗೂ ಹೋಗುತ್ತೆ. ಕೋಣೆಯಲ್ಲಿ ಒಬ್ಬರೇ ಕೂತು ಕೇಳೋರಿಗೆ ಇದರಷ್ಟು ಸುಖ ಇನ್ನೊಂದಿಲ್ಲ, ಹಾಡು ತಲೆಯೊಳಗಲ್ಲದೆ ಎದುರಿಗೆ ಹರಡಿಕೊಂಡಂತೆ ಕೇಳುತ್ತೆ. ಅದನ್ನೇ ಮೆಟ್ರೊದಲ್ಲಿ ಹಾಕ್ಕೊಂಡು ನಿಂತರೆ ನಿಮಗೆ ಹಾಡೂ ಸರಿಯಾಗಿ ಕೇಳಲ್ಲ, ಪಕ್ಕದವರಿಗೆ ನೆಮ್ಮದಿಯೂ ಇರಲ್ಲ.

ಇನ್ನು 1979. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ವರ್ಷ ಇದು. ಜುಲೈ 1ರಂದು ಜಪಾನಿನಲ್ಲಿ ಸೋನಿ ಕಂಪನಿ 33,000 ಯೆನ್ ಬೆಲೆಗೆ ವಾಕ್‌ಮನ್ ಬಿಡುಗಡೆ ಮಾಡಿತು. ವಿಮಾನದಲ್ಲಿ ಹಾಡು ಕೇಳೋಕೆ ಕೈಗೊಪ್ಪುವ ಯಂತ್ರ ಬೇಕು ಅಂತ ಸಂಸ್ಥಾಪಕ ಮಸಾರು ಇಬುಕಾ ಕೇಳಿದ್ದರಿಂದ ಶುರುವಾದ ಕೆಲಸ. ಅಲ್ಲಿಯವರೆಗಿನ ಹೆಡ್‌ಫೋನುಗಳು 300ರಿಂದ 400 ಗ್ರಾಂ ತೂಗುತ್ತಿದ್ದವು, ವಾಕ್‌ಮನ್ ಜೊತೆಗಿನದು ಸುಮಾರು 50 ಗ್ರಾಂ. ಇನ್ನೊಬ್ಬ ಸಂಸ್ಥಾಪಕ ಅಕಿಯೊ ಮೊರಿಟಾ ಇದನ್ನ ಮನೆಗೆ ತಂದು ಕೇಳ್ತಾ ಕೂತರೆ ಹೆಂಡತಿಗೆ ಬೇಜಾರಾಯ್ತಂತೆ, ತನ್ನನ್ನ ಹೊರಗಿಟ್ಟ ಹಾಗಾಯ್ತು ಅಂತ. ಒಬ್ಬರೇ ಕೇಳೋದು ಮರ್ಯಾದೆಯಲ್ಲ ಅನ್ನಿಸಿ ಮೊರಿಟಾ ಒಂದು ಯಂತ್ರಕ್ಕೆ ಎರಡು ಹೆಡ್‌ಫೋನ್ ಜ್ಯಾಕ್ ಇಡಿಸಿದರು. ಜೊತೆಗೊಂದು ಕಿತ್ತಳೆ ಬಣ್ಣದ ಬಟನ್ನು. ಅದನ್ನ ಒತ್ತಿದರೆ ಹಾಡಿನ ಸದ್ದು ತಗ್ಗಿ, ಹೆಡ್‌ಫೋನ್ ತೆಗೆಯದೆಯೇ ಇಬ್ಬರೂ ಮಾತಾಡಬಹುದಿತ್ತು.

ಆಮೇಲೇನಾಯ್ತು ಅಂದ್ರೆ, ಕೊಂಡವರು ಹಂಚಿಕೊಳ್ಳಲಿಲ್ಲ. ಪ್ರತಿಯೊಬ್ಬರೂ ತನಗೇ ಒಂದು ಬೇಕು ಅಂದರು. ಸೋನಿ ಆ ಬಟನ್ನು ತೆಗೀತು, ಮುಂದೆ ಎರಡನೇ ಜ್ಯಾಕನ್ನೂ ತೆಗೀತು. ಮೊರಿಟಾ ಊಹಿಸಿದ್ದಕ್ಕಿಂತ ಜನ ಹೆಚ್ಚು ಒಂಟಿಯಾಗಿರೋಕೆ ಇಷ್ಟಪಟ್ಟರು.

ಇಷ್ಟಾದ ಮೇಲೆ ಉಳಿದದ್ದು ಗದ್ದಲದ ಪ್ರಶ್ನೆ. ಸದ್ದನ್ನ ಸದ್ದಿನಿಂದಲೇ ಹೊಡೆಯಬಹುದು ಅಂತ ಜರ್ಮನಿಯ ಪಾಲ್ ಲ್ಯೂಗ್ 1930ರ ದಶಕದಲ್ಲೇ ಪೇಟೆಂಟ್ ಪಡೆದಿದ್ದ. ಅಲೆ ಏರಿದಾಗ ಇಳಿಯುವ, ಇಳಿದಾಗ ಏರುವ ಇನ್ನೊಂದು ಅಲೆ ಹುಟ್ಟಿಸಿದರೆ ಎರಡೂ ಸೇರಿ ಸೊನ್ನೆ. ಕಾಗದದ ಮೇಲಿದ್ದ ಇದನ್ನ ಕೊಳ್ಳಬಹುದಾದ ವಸ್ತುವಾಗಿ ಮಾಡಿದವರಲ್ಲಿ ಮುಖ್ಯರು ಅಮರ್ ಬೋಸ್. ಬಂಗಾಳದಿಂದ ಅಮೆರಿಕ ಸೇರಿದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ, ಎಂಐಟಿಯಲ್ಲಿ ಮೇಷ್ಟ್ರು. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್ನಿಗೆ ಹೋಗ್ತಾ ವಿಮಾನದಲ್ಲಿ ಕೊಟ್ಟ ಹೆಡ್‌ಫೋನ್ ಹಾಕ್ಕೊಂಡ್ರೆ ಎಂಜಿನ್ನಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಸೀಟಿನಲ್ಲೇ ಕೂತು ಲೆಕ್ಕ ಹಾಕೋಕೆ ಶುರು ಮಾಡಿದರು. ಪೈಲಟ್‌ಗಳಿಗಾಗಿ ಅವರ ಕಂಪನಿಯ ಹೆಡ್‌ಸೆಟ್ ಬಂದದ್ದು 1989ರಲ್ಲಿ, ಸಾಮಾನ್ಯ ಪ್ರಯಾಣಿಕರಿಗೆ 2000ದಲ್ಲಿ.

ಅಂದ್ರೆ ಎಎನ್‌ಸಿ ಹುಟ್ಟಿದ್ದು ವಿಮಾನದ ಎಂಜಿನ್ನಿಗಾಗಿ. ಅದು ಚೆನ್ನಾಗಿ ಅಳಿಸೋದು ಒಂದೇ ಸಮನೆ ಬರುವ ತಗ್ಗು ಸ್ವರದ ಸದ್ದನ್ನ: ಬಸ್ಸಿನ ಎಂಜಿನ್ನು, ಆಫೀಸಿನ ಎಸಿ, ಫ್ಯಾನು. ಕುಕ್ಕರ್ ವಿಷಲ್ಲು, ಆಟೊ ಹಾರನ್ನು, ಪಕ್ಕದ ಡೆಸ್ಕಿನವರ ನಗು ಇವೆಲ್ಲ ತಟ್ಟಂತ ಬರುವ ಮೇಲಿನ ಸ್ವರದ ಸದ್ದುಗಳು. ಅವನ್ನ ತಡೆಯೋದು ಚಿಪ್ಪಿಗಿಂತ ಹೆಚ್ಚಾಗಿ ಕಿವಿಗೆ ಸರಿಯಾಗಿ ಕೂತ ರಬ್ಬರ್ ಟಿಪ್ಪು ಅಥವಾ ಬಟ್ಟಲಿನ ಮೆತ್ತೆ. ಡಬ್ಬಿಯಲ್ಲಿ ಬಂದ ಮೂರು ಟಿಪ್ಪನ್ನೂ ಹಾಕಿ ನೋಡದೆ "ಎಎನ್‌ಸಿ ವೇಸ್ಟು" ಅಂತ ರಿವ್ಯೂ ಬರೆಯೋರಿಗೆ ಮರ್ಕಾದಿಯೆಯನ್ನ ನೆನಪಿಸಬೇಕು.

ತಂತಿ ಹೋದ ಕಥೆಯೂ ಟೆಲಿಫೋನಿನದ್ದೇ. 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿ ಮೊಬೈಲಿಗೂ ಅದರ ಜೊತೆಯ ಸಾಮಾನುಗಳಿಗೂ ನಡುವಿನ ತಂತಿ ತೆಗೆಯಲು ಹೊರಟಿತು. ಡೆನ್ಮಾರ್ಕಿನ ಹತ್ತನೇ ಶತಮಾನದ ರಾಜ ಹೆರಾಲ್ಡ್ ಬ್ಲೂಟೂತ್‌ನ ಹೆಸರು ಅದಕ್ಕೆ ಬಂತು. ಮೊದಲು ಬಂದದ್ದು ಕರೆಗಾಗಿ ಒಂದು ಕಿವಿಗೆ ಹಾಕುವ ಹೆಡ್‌ಸೆಟ್ಟು. ಸ್ಟೀರಿಯೊ ಹಾಡು ಸಾಗಿಸೋ ನಿಯಮ ಸೇರಿದ್ದು 2003ರಲ್ಲಿ. ಹಾಗಾಗಿ ಬ್ಲೂಟೂತ್‌ನಲ್ಲಿ ಹಾಡಿಗೊಂದು ದಾರಿ, ಮಾತಿಗೊಂದು ದಾರಿ. ಲ್ಯಾಪ್‌ಟಾಪಿನಲ್ಲಿ ಚೆಂದ ಹಾಡು ಕೇಳ್ತಿದ್ದವರು ಮೀಟಿಂಗಿಗೆ ಸೇರಿದ ತಕ್ಷಣ ಸದ್ದು ಹಳೇ ಲ್ಯಾಂಡ್‌ಲೈನ್ ಥರ ಆಗಿಬಿಡೋದು ಯಾಕೆ ಅಂತ ತುಂಬಾ ಜನ ಕೇಳ್ತಾರೆ. ಮೈಕು ಶುರುವಾದಾಗ ಯಂತ್ರ ಮಾತಿನ ದಾರಿಗೆ ಇಳಿಯುತ್ತೆ, ಅಷ್ಟೇ. ಇಯರ್‌ಫೋನ್ ಕೆಟ್ಟಿಲ್ಲ. ಹೆಡ್‌ಫೋನನ್ನು ಕೇಳೋದಕ್ಕೆ ಮಾತ್ರ ಇಟ್ಟುಕೊಂಡು, ಮೈಕು ಲ್ಯಾಪ್‌ಟಾಪಿನದ್ದೇ ಇರಲಿ ಅಂತ ಸೆಟ್ಟಿಂಗ್ಸಿನಲ್ಲಿ ಆರಿಸಿಕೊಂಡರೆ ಸಾಮಾನ್ಯವಾಗಿ ಸರಿಹೋಗುತ್ತೆ.

2016ರ ಸೆಪ್ಟೆಂಬರಿನಲ್ಲಿ ಆಪಲ್ ಐಫೋನ್ 7ರಿಂದ ಜ್ಯಾಕ್ ತೆಗೆಯಿತು. 19ನೇ ಶತಮಾನದ ಎಕ್ಸ್‌ಚೇಂಜಿನ ಪ್ಲಗ್ಗಿನ ಮೊಮ್ಮಗ ಅದು. ಡಿಸೆಂಬರಿಗೆ ಏರ್‌ಪಾಡ್ಸ್ ಮಾರಾಟಕ್ಕೆ ಬಂತು, ಆಮೇಲಿನದ್ದು ನಿಮಗೇ ಗೊತ್ತು. ಗೊತ್ತಿರಬೇಕಾದ ಇನ್ನೊಂದು ವಿಷಯ ಬ್ಯಾಟರಿ. ಬಡ್ಸಿನೊಳಗಿನ ಬ್ಯಾಟರಿ ತೀರಾ ಪುಟ್ಟದು, ದಿನಾ ಖಾಲಿಯಾಗಿ ತುಂಬಿ ಎರಡು-ಮೂರು ವರ್ಷಕ್ಕೆ ಸೊರಗುತ್ತೆ, ಹೆಚ್ಚಿನ ಮಾಡೆಲ್ಲುಗಳಲ್ಲಿ ಬದಲಾಯಿಸೋಕೂ ಆಗಲ್ಲ. ನೆಕ್‌ಬ್ಯಾಂಡಿನಲ್ಲಿ, ದೊಡ್ಡ ಹೆಡ್‌ಫೋನಿನಲ್ಲಿ ಜಾಗ ಜಾಸ್ತಿ, ಬ್ಯಾಟರಿಯೂ ದೊಡ್ಡದು. ನಮ್ಮಜ್ಜಿ ಮನೆಯ ರೇಡಿಯೊ ಮೂರು ತಲೆಮಾರು ಹಾಡಿತು, ನಮ್ಮ ಬಡ್ಸು ಒಂದು ಅಪ್ರೈಸಲ್ಲಿನಿಂದ ಮೂರನೇ ಅಪ್ರೈಸಲ್ಲಿನವರೆಗೆ ಬಾಳಿದರೆ ಪುಣ್ಯ.

ಈಗ ಆ ಪ್ರಶ್ನೆಗೆ ಉತ್ತರ. ದಿನಾ ಎರಡು ಗಂಟೆ ಬಸ್ಸು, ತಿಂಗಳಿಗೊಮ್ಮೆ ವಿಮಾನ ಇದ್ದರೆ ಎಎನ್‌ಸಿಗೆ ದುಡ್ಡು ಹಾಕಿ. ಇಡೀ ದಿನ ಕರೆಗಳಾದರೆ ನಿಮ್ಮದು ಎಕ್ಸ್‌ಚೇಂಜ್ ಆಪರೇಟರಿನ ಕಿವಿ: ಬಾಸ್ ಗೀಸ್ ಬಿಟ್ಟು ಮೈಕು, ಬ್ಯಾಟರಿ ನೋಡಿ. ಬಾಯಿ ಹತ್ತಿರಕ್ಕೆ ಮೈಕು ಬರುವ ಹೆಡ್‌ಸೆಟ್ಟು ನೋಡೋಕೆ ಕಾಲ್ ಸೆಂಟರ್ ಥರ ಇದ್ದರೂ ಕೇಳೋರಿಗೆ ಸ್ಪಷ್ಟ. ಪದೇ ಪದೇ ತೆಗೆದು ಹಾಕೋರಿಗೆ, ಎಲ್ಲೋ ಇಟ್ಟು ಮರೆಯೋರಿಗೆ ನೆಕ್‌ಬ್ಯಾಂಡಿನಷ್ಟು ಒಳ್ಳೇದು ಇನ್ನೊಂದಿಲ್ಲ, ಕುತ್ತಿಗೆಯಲ್ಲೇ ಇರುತ್ತೆ. ರಾತ್ರಿ ಒಬ್ಬರೇ ಕೂತು ರಾಗ ಕೇಳೋರು ಹಿಂಬದಿ ತೆರೆದ ಹೆಡ್‌ಫೋನು ಒಮ್ಮೆಯಾದ್ರೂ ಹಾಕಿ ನೋಡಿ. ಬೆಳಿಗ್ಗೆ ರಸ್ತೆಯಲ್ಲಿ ಓಡೋರಿಗೆ ಹೊರಗಿನ ಸದ್ದು ಬಿಡುವಂಥದ್ದೇ ಸರಿ. ಹಿಂದಿನಿಂದ ಬರೋ ಬಸ್ಸಿಗೆ ನಿಮ್ಮ ಪ್ಲೇಲಿಸ್ಟ್ ಗೊತ್ತಿರಲ್ಲ.

ಎಲ್ಲರಿಗೂ ಒಂದೇ ಆಗಿರೋ ಮಾತು ವಾಲ್ಯೂಮಿನದ್ದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದನ್ನ ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬೆಲ್ ಆದರೆ 4 ಗಂಟೆ ಮಾತ್ರ. ಹತ್ತು ಅಂಕಿ ಏರಿದ್ದಕ್ಕೆ ಸಮಯ ಹತ್ತನೇ ಒಂದು ಭಾಗಕ್ಕೆ ಇಳಿಯಿತು. ಬಸ್ಸಿನ ಗದ್ದಲದ ಮೇಲೆ ಹಾಡು ಕೇಳಿಸಬೇಕು ಅಂತ ನಾವು ಏರಿಸ್ತಾ ಹೋಗೋದೇ ಆ ಹತ್ತು ಅಂಕಿ. ಗದ್ದಲ ತಗ್ಗಿಸೋ ಇಯರ್‌ಫೋನಿನ ನಿಜವಾದ ಲಾಭ ಇರೋದು ಇಲ್ಲಿ: ಹಾಡು ಚೆಂದ ಕೇಳೋದು ಒಂದು ಕಡೆ ಇರಲಿ, ವಾಲ್ಯೂಮ್ ಏರಿಸೋ ಅಗತ್ಯವೇ ಕಡಿಮೆ. ಒಳಗಿವಿಯ ಜೀವಕೋಶಗಳು ಒಮ್ಮೆ ಹೋದರೆ ಮತ್ತೆ ಹುಟ್ಟಲ್ಲ. ಅದಕ್ಕೆ ಯಾವ ಸೇಲ್‌ನಲ್ಲೂ ರಿಪ್ಲೇಸ್‌ಮೆಂಟ್ ಇಲ್ಲ.

ಮೊರಿಟಾ ಕಾಲದಲ್ಲಿ ಒಬ್ಬರೇ ಕೇಳೋದು ಅಮರ್ಯಾದೆ ಅನ್ನಿಸಿತ್ತು. ನಮ್ಮಲ್ಲಿ 2021ರ ನವೆಂಬರಿನಲ್ಲಿ ಹೈಕೋರ್ಟು, ಕೆಎಸ್‌ಆರ್‌ಟಿಸಿ ಬಸ್ಸುಗಳಲ್ಲಿ ಮೊಬೈಲಿನ ಸ್ಪೀಕರಿನಿಂದ ಜೋರಾಗಿ ಹಾಡು, ವಿಡಿಯೊ ಹಾಕೋದನ್ನ ನಿಷೇಧಿಸಬೇಕು ಅಂತ ಹೇಳಬೇಕಾಯ್ತು. ಎಲ್ಲರಿಗೂ ಕೇಳಿಸೋದು ಈಗ ಅಮರ್ಯಾದೆ. ನಲವತ್ತು ವರ್ಷದಲ್ಲಿ ಮರ್ಯಾದೆ ಪೂರ್ತಿ ಮಗುಚಿಕೊಂಡಿದೆ. ಈ ಬದಲಾವಣೆ ತಪ್ಪು ಅಂತ ನಾನು ಹೇಳಲ್ಲ. ಅಪರಿಚಿತರ ರೀಲ್ಸು ಕೇಳ್ತಾ ಮೈಸೂರಿನವರೆಗೆ ಹೋಗಿ ಬಂದವರಿಗೆ ಕೋರ್ಟಿನ ಮೇಲೆ ಪ್ರೀತಿ ಬರೋದು ಸಹಜ. ಆದರೆ ಅಪರಿಚಿತರಿಗೆ ಮುಚ್ಚಿದ ಕಿವಿ ಮನೆಯವರಿಗೂ ಮುಚ್ಚೇ ಇರುತ್ತಲ್ಲ, ಅದು ಬೇರೆ ವಿಷಯ.

ಎರಡು ಜ್ಯಾಕಿನ ಯೋಚನೆ ಈಗ ತಿರುಗಿ ಬರ್ತಾ ಇದೆ. 2022ರಲ್ಲಿ ಸಿದ್ಧವಾದ ಹೊಸ ಬ್ಲೂಟೂತ್ ನಿಯಮಗಳಲ್ಲಿ ಆರಾಕ್ಯಾಸ್ಟ್ ಅನ್ನೋದೊಂದಿದೆ. ಒಂದು ಫೋನಿನ ಸದ್ದನ್ನ ಸುತ್ತಲಿನ ಎಷ್ಟೋ ಇಯರ್‌ಫೋನುಗಳಿಗೆ, ಶ್ರವಣ ಸಾಧನಗಳಿಗೆ ಒಟ್ಟಿಗೇ ಕಳಿಸಬಹುದು. ಕಿವಿ ಮಂದವಾದ ಅಪ್ಪ, ನೀವು, ಒಂದೇ ಟಿವಿ, ಇಬ್ಬರಿಗೂ ಬೇಕಾದಷ್ಟೇ ವಾಲ್ಯೂಮು. ಎರಡೂ ಕಡೆಯ ಯಂತ್ರಗಳಲ್ಲಿ ಈ ಸೌಲಭ್ಯ ಇರಬೇಕು, ಎಲ್ಲ ಮಾಡೆಲ್ಲುಗಳಲ್ಲಿ ಇನ್ನೂ ಬಂದಿಲ್ಲ. ಹಾಗಾಗಿ ಮುಂದಿನ ಸೇಲ್‌ನಲ್ಲಿ ಸ್ಟಾರು, ಬಾಸು, ಬಣ್ಣ ಎಲ್ಲ ನೋಡಿದ ಮೇಲೆ ಕೆಳಗಿನ ಸಣ್ಣ ಅಕ್ಷರದಲ್ಲಿ ಆ ಹೆಸರೂ ಇದೆಯಾ ಅಂತ ಒಮ್ಮೆ ನೋಡಿ.