ಕೇಳಿದ್ರ ಹೇಳ್ತಿದ್ದೆ: ಗಾಡಿ, ಗ್ಯಾಸ್ ಕಿಟ್ ಮತ್ತು 250 ವರ್ಷ ಹಳೆಯ ಒಂದು ನಿಯಮ

ನಮ್ಮ ಕಾಕಾನ ಹತ್ರ ಒಂದು ಹಳೇ ಓಮ್ನಿ ಇತ್ತು. ಬ್ಯಾಡಗಿ ಮಾರ್ಕೆಟ್ಟಿಗೆ ಹೋಗಲಿಕ್ಕೆ, ಮದುವೆ-ಮುಂಜಿಗೆ, ಊರಲ್ಲಿ ಯಾರಿಗಾದರೂ ರಾತ್ರಿ ಹೊಟ್ಟೆನೋವು ಬಂದರೆ ಆಸ್ಪತ್ರೆಗೆ, ಎಲ್ಲದಕ್ಕೂ ಅದೇ ಗಾಡಿ. ಪೆಟ್ರೋಲ್ ದುಬಾರಿ ಆಯಿತು ಅಂತ ಪಟ್ಟಣದ ಒಂದು ಅಂಗಡಿಯಲ್ಲಿ ಎಲ್‌ಪಿಜಿ ಕಿಟ್ ಹಾಕಿಸಿದ. 25 ಸಾವಿರ ಖರ್ಚಾಯಿತು. ಅಂಗಡಿಯವರು ಬಿಲ್ ಕೊಟ್ಟರು, ಚಾ ಕೊಟ್ಟರು, ಕಳಿಸಿದರು. ಆರ್‌ಸಿಯಲ್ಲಿ ಬರೆಸಬೇಕು, ಇನ್ಶೂರೆನ್ಸ್‌ನವರಿಗೆ ತಿಳಿಸಬೇಕು ಅಂತ ಒಬ್ಬರೂ ಹೇಳಲಿಲ್ಲ.

ಎರಡು ವರ್ಷದ ಮೇಲೆ ಒಂದು ಮಳೆಗಾಲದ ಸಂಜೆ ಎಮ್ಮೆ ಅಡ್ಡ ಬಂತು. ಅದನ್ನು ತಪ್ಪಿಸಲು ಹೋಗಿ ಗಾಡಿ ಸೇತುವೆಯ ಕಟ್ಟೆಗೆ ಗುದ್ದಿತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಗಾಡಿಯ ಮುಂಭಾಗ ಮಾತ್ರ ಜಜ್ಜಿಹೋಯಿತು. ರಿಪೇರಿಗೆ 62 ಸಾವಿರ ಅಂದರು. ಸರ್ವೇಯರ್ ಬಂದು ಫೋಟೊ ಹೊಡೆದರು. ಹಿಂದಿನ ಬಾಗಿಲು ತೆಗೆದು ನೋಡಿ ಕೇಳಿದರು: “ಯಜಮಾನ್ರ, ಈ ಗ್ಯಾಸ್ ಕಿಟ್ ಪಾಲಿಸಿಯೊಳಗ ಇಲ್ಲಲ್ರೀ?”

ಕಾಕಾ ಹೇಳಿದ್ದು ಒಂದೇ ಮಾತು: “ಕೇಳಿದ್ರ ಹೇಳ್ತಿದ್ದೆ. ಯಾರೂ ಕೇಳಲಿಲ್ಲಲ್ರೀ.”

ತಿಂಗಳ ಮೇಲೆ ಪತ್ರ ಬಂತು. ವಾಹನದಲ್ಲಿ ಮಾಡಿದ ಬದಲಾವಣೆಯನ್ನು ತಿಳಿಸಿಲ್ಲ, ಆದ್ದರಿಂದ ಪರಿಹಾರ ಇಲ್ಲ. ಆ ವರ್ಷದ ಮೆಣಸಿನಕಾಯಿ ದುಡ್ಡು ಗ್ಯಾರೇಜಿಗೆ ಹೋಯಿತು.

ಪತ್ರ ನನ್ನ ಕೈಗೆ ಕೊಟ್ಟು ಕಾಕಾ ಕೇಳಿದ: “ತಮ್ಮಾ, ನೀ ಪೇಪರ್‌ನ್ಯಾಗ ಬರಿತಿ. ಈ ರೂಲ್ ಯಾರ್ ಮಾಡ್ಯಾರ ಹೇಳು. ಗ್ಯಾಸಿಗೂ ಎಮ್ಮಿಗೂ ಏನ್ ಸಂಬಂಧ?” ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದಿದೆ, ವಕೀಲರನ್ನು ಕೇಳಿದೆ. ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಮುದ್ರದಾಚೆಯ ಒಂದು ಕೋಟೆ

ವಿಮೆಯ ಈಗಿನ ರೂಪ ಬೆಳೆದದ್ದು ಹಡಗುಗಳಿಂದ. 1680ರ ದಶಕದಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡ್ ಅನ್ನುವವನ ಕಾಫಿ ಅಂಗಡಿ ಇತ್ತು. ಹಡಗಿನ ಮಾಲೀಕರು, ವ್ಯಾಪಾರಿಗಳು ಅಲ್ಲಿ ಸೇರುತ್ತಿದ್ದರು. ಹಡಗು ಮುಳುಗಿದರೆ ಇಷ್ಟು ಕೊಡುತ್ತೇನೆ ಅಂತ ದುಡ್ಡಿದ್ದವರು ಕಾಗದದ ಕೆಳಗೆ ಸಹಿ ಹಾಕುತ್ತಿದ್ದರು. ಹಡಗು ಎಲ್ಲೋ ದೂರದ ಬಂದರಿನಲ್ಲಿ, ಸಹಿ ಹಾಕುವವ ಲಂಡನ್ನಿನಲ್ಲಿ. ಹಡಗಿನ ಹಲಗೆ ಕೊಳೆತಿದೆಯೋ ಗಟ್ಟಿ ಇದೆಯೋ ಅವನಿಗೆ ಹೇಗೆ ಗೊತ್ತಾಗಬೇಕು? ಮಾಲೀಕ ಹೇಳಿದ್ದನ್ನೇ ನಂಬಬೇಕು.

ಈ ನಂಬಿಕೆಗೆ ಕೋರ್ಟು ಕೊಟ್ಟ ದೊಡ್ಡ ಉತ್ತರ 1766ರಲ್ಲಿ ಬಂತು. ಕಾರ್ಟರ್ ವಿರುದ್ಧ ಬೋಮ್ ಎಂದು ಆ ಮೊಕದ್ದಮೆಯ ಹೆಸರು. ಇದರಲ್ಲಿ ನಮಗೂ ಗೊತ್ತಿರುವ ಒಂದು ಹೆಸರಿದೆ: ಈಸ್ಟ್ ಇಂಡಿಯಾ ಕಂಪನಿ. ಈಗಿನ ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ, ಬೆಂಕೂಲೆನ್ ಎಂಬಲ್ಲಿ ಕಂಪನಿಯ ಮಾರ್ಲ್‌ಬರೊ ಕೋಟೆ ಇತ್ತು. ಅಲ್ಲಿನ ಗವರ್ನರ್ ಜಾರ್ಜ್ ಕಾರ್ಟರ್. ಪರದೇಶದ ಶತ್ರುಗಳು ಕೋಟೆ ಹಿಡಿದರೆ ಪರಿಹಾರ ಸಿಗಲಿ ಅಂತ ಅವನ ಪರವಾಗಿ ಲಂಡನ್ನಿನಲ್ಲಿ ವಿಮೆ ಮಾಡಿಸಲಾಗಿತ್ತು. 1760ರಲ್ಲಿ ಫ್ರೆಂಚರು ಬಂದು ಕೋಟೆ ಹಿಡಿದೇಬಿಟ್ಟರು.

ವಿಮೆ ಬರೆದಿದ್ದ ಬೋಮ್ ದುಡ್ಡು ಕೊಡಲು ಒಪ್ಪಲಿಲ್ಲ. ಕೋಟೆ ದುರ್ಬಲವಾಗಿತ್ತು, ಫ್ರೆಂಚರು ಬರಬಹುದು ಅನ್ನುವ ಅನುಮಾನ ಗವರ್ನರನಿಗೆ ಇತ್ತು, ಇದನ್ನೆಲ್ಲ ಮುಚ್ಚಿಟ್ಟಿದ್ದಾರೆ ಅಂತ ಅವನ ವಾದ.

ತೀರ್ಪು ಕೊಟ್ಟವರು ಮುಖ್ಯ ನ್ಯಾಯಮೂರ್ತಿ ಲಾರ್ಡ್ ಮ್ಯಾನ್ಸ್‌ಫೀಲ್ಡ್. ಅಪಾಯ ಎಷ್ಟು ಅನ್ನುವ ಲೆಕ್ಕಕ್ಕೆ ಬೇಕಾದ ಸಂಗತಿ ಹೆಚ್ಚಾಗಿ ವಿಮೆ ಮಾಡಿಸುವವನಿಗೆ ಮಾತ್ರ ಗೊತ್ತಿರುತ್ತದೆ, ಅದನ್ನು ಬಚ್ಚಿಟ್ಟರೆ ಒಪ್ಪಂದವೇ ಮುರಿಯುತ್ತದೆ ಎಂದು ಅವರು ಹೇಳಿದರು. ಇವತ್ತಿಗೂ ಕೋರ್ಟಿನಲ್ಲಿ ‘ಪರಮ ಸದ್ಭಾವನೆ’ ಅನ್ನುವ ತತ್ವದ ಮಾತು ಬಂದಾಗ ವಕೀಲರು ಈ ತೀರ್ಪಿನ ಹೆಸರು ಹೇಳುತ್ತಾರೆ.

ಆದರೆ ಆ ಮೊಕದ್ದಮೆಯಲ್ಲಿ ಸೋತದ್ದು ಯಾರು? ವಿಮೆ ಬರೆದವನೇ! ಯುದ್ಧದ ಕಾಲ, ಕೋಟೆಯ ಸ್ಥಿತಿ, ಇವೆಲ್ಲ ಅವನು ತಾನೇ ವಿಚಾರಿಸಿ ತಿಳಿಯಬಹುದಾಗಿತ್ತು, ಕೇಳದೆ ಪ್ರೀಮಿಯಂ ತೆಗೆದುಕೊಂಡು ಆಮೇಲೆ ತಕರಾರು ತೆಗೆಯುವಂತಿಲ್ಲ ಅಂತ ಮ್ಯಾನ್ಸ್‌ಫೀಲ್ಡ್ ಹೇಳಿದರು. ಅಂದರೆ ಹೇಳುವ ಕರ್ತವ್ಯದ ಜೊತೆಗೇ ಕೇಳುವ ಕರ್ತವ್ಯವೂ ಹುಟ್ಟಿತ್ತು. ನಮ್ಮ ಕಾಕಾನ “ಕೇಳಿದ್ರ ಹೇಳ್ತಿದ್ದೆ” ಎಂಬ ಮಾತು ಅಷ್ಟು ಹಳೆಯದು.

ಒಂದು ಕೈ ಮೇಲಾಯಿತು

ಮುಂದಿನ ನೂರೈವತ್ತು ವರ್ಷದಲ್ಲಿ ಹೇಳುವ ಕರ್ತವ್ಯ ಬೆಳೆಯಿತು, ಕೇಳುವ ಕರ್ತವ್ಯ ಮೂಲೆಗೆ ಸರಿಯಿತು. 1906ರಲ್ಲಿ ಬ್ರಿಟನ್ ಕಡಲ ವಿಮಾ ಕಾಯಿದೆ ಮಾಡಿತು. ಪ್ರೀಮಿಯಂ ಎಷ್ಟು ಹಾಕಬೇಕು, ವಿಮೆ ಕೊಡಬೇಕೋ ಬೇಡವೋ ಅನ್ನುವ ತೀರ್ಮಾನದ ಮೇಲೆ ಪ್ರಭಾವ ಬೀರುವ ಪ್ರತಿಯೊಂದು ಸಂಗತಿಯನ್ನೂ ಗಿರಾಕಿ ತಾನಾಗಿಯೇ ಹೇಳಬೇಕು, ಇಲ್ಲವಾದರೆ ವಿಮೆ ಬರೆದವನು ಒಪ್ಪಂದವನ್ನೇ ರದ್ದು ಮಾಡಬಹುದು ಎಂದು ಅದು ಬರೆದಿಟ್ಟಿತು. ಸ್ವತಂತ್ರ ಭಾರತ 1963ರಲ್ಲಿ ತನ್ನ ಕಡಲ ವಿಮಾ ಕಾಯಿದೆ ಮಾಡಿದಾಗ ಅದೇ ಮಾತು 19 ಮತ್ತು 20ನೇ ಕಲಂಗಳಲ್ಲಿ ಬಂದು ಕೂತಿತು. ಕಾಯಿದೆ ಹಡಗಿನದ್ದೇ ಆದರೂ ತತ್ವ ಎಲ್ಲ ವಿಮೆಗೂ ಒಂದೇ. ನಿಮ್ಮ ಟಾಟಾ ಏಸ್‌ಗೂ ಅದೇ, ಬೊಲೆರೊಗೂ ಅದೇ.

ರಸ್ತೆಯ ಗಾಡಿಗೆ ವಿಮೆ ಕಡ್ಡಾಯವಾದದ್ದು ಬೇರೆ ದಾರಿಯಿಂದ. ಗಾಡಿ ಗುದ್ದಿ ಸತ್ತವನ ಮನೆಯವರಿಗೆ ಪರಿಹಾರ ಸಿಗಬೇಕು, ಮಾಲೀಕ ಬಡವನಾದರೂ ಸಿಗಬೇಕು ಅನ್ನುವುದು ಅದರ ಉದ್ದೇಶ. ಬ್ರಿಟನ್ 1930ರಲ್ಲಿ ಈ ಕಾನೂನು ತಂದಿತು. ನಮ್ಮಲ್ಲಿ 1939ರ ಮೋಟಾರು ವಾಹನ ಕಾಯಿದೆಯಲ್ಲಿ ಇದು ಇತ್ತು, ಜಾರಿಯಾದದ್ದು 1946ರ ಜುಲೈ 1ರಿಂದ. ನಾವು ಥರ್ಡ್ ಪಾರ್ಟಿ ಅನ್ನುತ್ತೇವಲ್ಲ, ಅದು ಇದೇ. ಮುಖ್ಯ ಸಂಗತಿ ಮುಚ್ಚಿಟ್ಟು ಮಾಡಿಸಿದ ಪಾಲಿಸಿಯಾದರೆ ಕಂಪನಿ ಹೊಣೆ ನಿರಾಕರಿಸಬಹುದು ಎಂಬ ಮಾತು ಆ ಕಾಯಿದೆಯಲ್ಲೂ ಇತ್ತು, 1988ರ ಕಾಯಿದೆಯಲ್ಲೂ ಉಳಿಯಿತು. ಹಾಗಿದ್ದರೂ ರಸ್ತೆಯಲ್ಲಿ ಸತ್ತವರ ಕುಟುಂಬವನ್ನು ಬರಿಗೈಯಲ್ಲಿ ಕಳಿಸಬಾರದು ಅಂತ ಕೋರ್ಟುಗಳು ಹಲವು ಪ್ರಕರಣಗಳಲ್ಲಿ ‘ಮೊದಲು ನೀವು ಕೊಡಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ’ ಎಂದು ಕಂಪನಿಗಳಿಗೆ ಹೇಳಿವೆ. ಆ ವಸೂಲಿ ನಮ್ಮ ಹೊಲದ ಮೇಲೆ ಬರಬಹುದು ಅನ್ನುವುದನ್ನು ಮರೆಯಬೇಡಿ.

ಗ್ಯಾಸ್ ಕಿಟ್ ಬಂದ ಕಾಲ

1988ರ ಕಾಯಿದೆಯ 52ನೇ ಕಲಂ ಗಾಡಿಯ ಬದಲಾವಣೆಯ ಬಗ್ಗೆ ಹೇಳುತ್ತದೆ. ಮೊದಲು ಅದರಲ್ಲಿ ಇದ್ದದ್ದು ಇಷ್ಟು: ಆರ್‌ಟಿಒಗೆ ತಿಳಿಸಿ, ಒಪ್ಪಿಗೆ ಪಡೆದು ಬದಲಾಯಿಸಿ. 2000ನೇ ಇಸವಿಯಲ್ಲಿ ಅದು ಬಿಗಿಯಾಯಿತು. ಕಂಪನಿ ಮಾಡಿಕೊಟ್ಟ ರೂಪಕ್ಕೆ ವಿರುದ್ಧವಾಗಿ ಆರ್‌ಸಿಯ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಬಾರದು ಎಂದಾಯಿತು. ಆದರೆ ಅದೇ ತಿದ್ದುಪಡಿಯಲ್ಲಿ ಸಿಎನ್‌ಜಿ, ಎಲ್‌ಪಿಜಿ ಕಿಟ್‌ಗೆ ದಾರಿ ಬಿಡಲಾಯಿತು. ಅದು ದೆಹಲಿಯ ಹೊಗೆಯ ಕಾಲ. ಅಲ್ಲಿನ ಬಸ್ಸುಗಳು ಸಿಎನ್‌ಜಿಗೆ ಬದಲಾಗಬೇಕು ಅಂತ 1998ರಲ್ಲೇ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತ್ತು. ಹಾಗಾಗಿ ಕಿಟ್ ಹಾಕಿಸುವುದು ಅಪರಾಧವಲ್ಲ. ಕಿಟ್ ಅನುಮೋದನೆ ಪಡೆದದ್ದಾಗಿರಬೇಕು, ಆರ್‌ಸಿಯಲ್ಲಿ ನಮೂದಾಗಬೇಕು, ಅಷ್ಟೆ. ಮನೆಯ ಅಡುಗೆ ಸಿಲಿಂಡರನ್ನು ಗಾಡಿಗೆ ಜೋಡಿಸುವುದು ಮಾತ್ರ ಯಾವ ಕಾಲಕ್ಕೂ ಕಾನೂನಲ್ಲ, ಜೀವಕ್ಕೂ ಕ್ಷೇಮವಲ್ಲ.

ವಿಮೆಯವರ ಕಡೆ ನೋಡಿ. 2002ರ ಅಖಿಲ ಭಾರತ ಮೋಟಾರು ವಿಮಾ ದರಪಟ್ಟಿಯಲ್ಲಿ ಗ್ಯಾಸ್ ಕಿಟ್‌ಗೇ ಒಂದು ಲೆಕ್ಕ ಇತ್ತು. ಕಿಟ್ಟಿನ ಬೆಲೆಯ ಮೇಲೆ 4%, ಥರ್ಡ್ ಪಾರ್ಟಿಗೆ ಹೆಚ್ಚುವರಿ 60 ರೂಪಾಯಿ. ಕಾಕಾನ 25 ಸಾವಿರದ ಕಿಟ್‌ಗೆ ಲೆಕ್ಕ ಹಾಕಿ: ಸಾವಿರ ಮತ್ತು ಅರವತ್ತು, ಒಟ್ಟು ವರ್ಷಕ್ಕೆ 1,060 ರೂಪಾಯಿ, ಮೇಲೆ ತೆರಿಗೆ. 2007ರಿಂದ ಗಾಡಿಯ ಸ್ವಂತ ಹಾನಿಯ ದರವನ್ನು ಆಯಾ ಕಂಪನಿಯೇ ನಿಗದಿ ಮಾಡುವುದರಿಂದ ಈಗ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇರಬಹುದು. ಆದರೂ ಸಾವಿರ ರೂಪಾಯಿಯ ಮಾತಿಗೆ 62 ಸಾವಿರ ಹೋಯಿತು ಅನ್ನುವುದು ನನಗೆ ಇವತ್ತಿಗೂ ನುಂಗಲಾರದ ತುತ್ತು.

ತಿಳಿಸಿದರೆ ಯಾವಾಗಲೂ ದುಡ್ಡು ಹೆಚ್ಚಾಗುತ್ತದೆ ಅಂತಲೂ ಇಲ್ಲ. ಅಂಗವಿಕಲರಿಗಾಗಿ ಮಾರ್ಪಡಿಸಿ, ಆರ್‌ಸಿಯಲ್ಲಿ ನಮೂದಿಸಿದ ಗಾಡಿಗೆ ಅದೇ ದರಪಟ್ಟಿ ಸ್ವಂತ ಹಾನಿಯ ಪ್ರೀಮಿಯಂನಲ್ಲಿ 50% ರಿಯಾಯಿತಿ ಕೊಟ್ಟಿತ್ತು. ಊರಲ್ಲಿ ಸ್ಕೂಟರಿಗೆ ಪಕ್ಕದ ಚಕ್ರ ಹಾಕಿಸಿಕೊಂಡವರು ಎಷ್ಟು ಜನ ಇದ್ದಾರೆ! ಅವರಲ್ಲಿ ಎಷ್ಟು ಜನ ಈ ರಿಯಾಯಿತಿ ಕೇಳಿದ್ದಾರೆ?

ಕೋರ್ಟು ಹೇಳಿದ್ದು

2019ರ ಜನವರಿ 9ರಂದು ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 52ನೇ ಕಲಂ ಅನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ತಯಾರಕರು ಮಾಡಿದ ಮೂಲ ರೂಪವನ್ನು ಬದಲಿಸುವಂತಿಲ್ಲ ಎಂದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ದಂಡವೂ ಬಂತು: ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ 5 ಸಾವಿರ ರೂಪಾಯಿ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಮುಂದಿನ ಕಬ್ಬಿಣದ ಗಾರ್ಡ್ ಬಗ್ಗೆ ಕ್ರಮ ತೆಗೆದುಕೊಳ್ಳಿ ಅಂತ 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿತ್ತು. ಇಂಥ ಕಾನೂನುಬಾಹಿರ ಮಾರ್ಪಾಡನ್ನು ವಿಮೆಯವರಿಗೆ ತಿಳಿಸಿದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ. ಅದನ್ನು ತೆಗೆಸುವುದೇ ದಾರಿ.

ಇನ್ನು ಕಾಕಾನ ಎರಡನೇ ಪ್ರಶ್ನೆ, ಗ್ಯಾಸಿಗೂ ಎಮ್ಮೆಗೂ ಏನು ಸಂಬಂಧ? ಇದಕ್ಕೆ ಹತ್ತಿರದ ಉತ್ತರ ಎರಡು ತೀರ್ಪುಗಳಲ್ಲಿದೆ. 2008ರಲ್ಲಿ ನಿತಿನ್ ಖಂಡೇಲ್ವಾಲ್ ಪ್ರಕರಣದಲ್ಲಿ ಖಾಸಗಿ ಗಾಡಿಯನ್ನು ಬಾಡಿಗೆಗೆ ಓಡಿಸುವಾಗ ಕಳ್ಳತನವಾಗಿತ್ತು. 2010ರ ಅಮಲೇಂದು ಸಾಹೂ ಪ್ರಕರಣದಲ್ಲಿ ಅಂಥದ್ದೇ ಗಾಡಿಗೆ ಅಪಘಾತವಾಗಿತ್ತು. ಪಾಲಿಸಿಯ ಷರತ್ತು ಮುರಿದದ್ದು ನಿಜ, ಆದರೆ ಪೂರ್ತಿ ನಿರಾಕರಿಸುವುದು ಸರಿಯಲ್ಲ, 75% ಕೊಡಿ ಅಂತ ಸುಪ್ರೀಂ ಕೋರ್ಟ್ ಎರಡರಲ್ಲೂ ಹೇಳಿತು. ಇದಕ್ಕೆ ‘ನಾನ್-ಸ್ಟ್ಯಾಂಡರ್ಡ್’ ಇತ್ಯರ್ಥ ಅನ್ನುತ್ತಾರೆ. ಇವು ಗ್ಯಾಸ್ ಕಿಟ್ಟಿನ ಪ್ರಕರಣಗಳಲ್ಲ, ಎಲ್ಲರಿಗೂ ಹೀಗೇ ಸಿಗುತ್ತದೆ ಅಂತಲೂ ಇಲ್ಲ. ಆದರೆ ನಿರಾಕರಣೆಯ ಪತ್ರ ಬಂದ ಕೂಡಲೇ ಕೈಚೆಲ್ಲಿ ಕೂರಬೇಕಾಗಿಲ್ಲ ಅನ್ನುವುದಕ್ಕೆ ಇವು ಸಾಕ್ಷಿ. ಸದ್ಭಾವನೆ ಇಬ್ಬರ ಮೇಲೂ ಇರುವ ಹೊಣೆ ಎಂದು ಇದೇ ಕೋರ್ಟ್ 1996ರಲ್ಲೇ ಹೇಳಿದೆ.

ಹೇಳುವ ಭಾರವನ್ನೆಲ್ಲ ಗಿರಾಕಿಯ ತಲೆ ಮೇಲೆ ಹೊರಿಸಿದ್ದ ಬ್ರಿಟನ್ 2012ರಲ್ಲಿ ಹೊಸ ಕಾಯಿದೆ ಮಾಡಿ, ಸಾಮಾನ್ಯ ಗ್ರಾಹಕ ಕೇಳಿದ ಪ್ರಶ್ನೆಗೆ ಜಾಗ್ರತೆಯಿಂದ, ಸತ್ಯವಾಗಿ ಉತ್ತರಿಸಿದರೆ ಸಾಕು ಎಂದಿತು. ಕೇಳುವ ಕೆಲಸ ಕಂಪನಿಯದ್ದು. ಮ್ಯಾನ್ಸ್‌ಫೀಲ್ಡ್ ಹೇಳಿದ ಮಾತಿನ ಇನ್ನೊಂದು ಅರ್ಧ ಅವರಿಗೆ ನೆನಪಾಗಲು ಸುಮಾರು 250 ವರ್ಷ ಬೇಕಾಯಿತು. ನಮ್ಮಲ್ಲಿ ಆ ತರಹದ ಕಾಯಿದೆ ಇನ್ನೂ ಬಂದಿಲ್ಲ. ಬರುವವರೆಗೆ ನಮ್ಮ ಜಾಗ್ರತೆ ನಮಗೆ.

ನೀವು ಮಾಡಬೇಕಾದ್ದು

ಇವತ್ತು ಮನೆಗೆ ಹೋದ ಮೇಲೆ ಆರ್‌ಸಿ, ಪಾಲಿಸಿ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಗಾಡಿಯ ಮುಂದೆ ನಿಲ್ಲಿ. ಇಂಧನ, ಸೀಟು, ಬಣ್ಣ, ಬಾಡಿ, ಗಾಡಿಯಲ್ಲಿ ಇರುವುದು ಕಾಗದದಲ್ಲಿ ಇದೆಯೇ ನೋಡಿ. ಕಿಟ್ ಹಾಕಿಸಿದ್ದರೆ ಮೊದಲು ಆರ್‌ಟಿಒನಲ್ಲಿ ಆರ್‌ಸಿಗೆ ಸೇರಿಸಿ. ಆಮೇಲೆ ಬಿಲ್ ಜೊತೆ ವಿಮಾ ಕಂಪನಿಗೆ ಬರೆದುಕೊಡಿ, ಎಂಡಾರ್ಸ್‌ಮೆಂಟ್ ಕೇಳಿ ಪಡೆಯಿರಿ. ಏಜೆಂಟ್ ಹತ್ತಿರ ಬಾಯಿಮಾತಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಅರ್ಜಿಯ ಫಾರಂ ಖಾಲಿ ಬಿಟ್ಟು ಸಹಿ ಹಾಕಿ ಕೊಡಬೇಡಿ. ರಿನ್ಯೂವಲ್ ಮಾಡುವಾಗಲೂ ಇದನ್ನೇ ಮತ್ತೆ ನೋಡಿ.

ಕ್ಲೇಮ್ ನಿರಾಕರಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಬರೆಯಿರಿ. ಅಲ್ಲಿ ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ಶುಲ್ಕ ಇಲ್ಲ, ವಕೀಲರೂ ಬೇಡ. ಜಿಲ್ಲೆಯಲ್ಲಿ ಗ್ರಾಹಕರ ಆಯೋಗ ಇದೆ. ಎರಡಕ್ಕೂ ಕಾಲಮಿತಿ ಇದೆ, ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಮರೆಯಬೇಡಿ. ನಮ್ಮ ಕಾಕಾ ಮಾಡಿದ್ದು ಅದೇ. ನನಗೆ ಇದೆಲ್ಲ ತಿಳಿಯುವ ಹೊತ್ತಿಗೆ ಸಮಯ ಮೀರಿತ್ತು.

ಈಗ ಕಾಕಾ ಬೇರೆ ಗಾಡಿ ತಗೊಂಡಿದ್ದಾನೆ. ಹೋದ ತಿಂಗಳು ಪಾಲಿಸಿ ಮಾಡಿಸಲು ಏಜೆಂಟ್ ಮನೆಗೆ ಬಂದಿದ್ದರು. ಫಾರಂ ಮುಂದಿಟ್ಟು “ಇಲ್ಲಿ ಸಹಿ ಹಾಕ್ರಿ ಸಾಕು” ಅಂದರು. ಕಾಕಾ ಪೆನ್ನು ಕೆಳಗಿಟ್ಟ.

“ಮೊದಲ ಎಲ್ಲಾ ಓದಿ ಹೇಳ್ರಿ. ನೀವು ಕೇಳ್ರಿ, ನಾ ಹೇಳ್ತೀನಿ. ಆಮ್ಯಾಲ ಸಹಿ.”