ಕೃತ್ತಿಕೆಯ ಮಳೆ, ಭರಣಿಯ ಮಳೆ

ಶ್ರೀರಂಗಪಟ್ಟಣ ಸಮುದ್ರಕ್ಕೆ ದೂರದ ಊರು. ಆದರೂ ಯಾವ ರೇವುಪಟ್ಟಣಕ್ಕೂ ಕಡಿಮೆಯಿಲ್ಲದಂತೆ ಅದು ಪಡುವಣ ಕಡಲಿನ ಗಾಳಿಗೆ ಅಧೀನವಾಗಿತ್ತು. ಜೂನ್ ತಿಂಗಳಲ್ಲಿ ಮಂಗಳೂರಿನ ತೀರದಲ್ಲಿ ತೆರೆಗಳನ್ನೆಬ್ಬಿಸಿ ದೋಣಿಗಳನ್ನು ದಡ ಹತ್ತಿಸುವ ಮುಂಗಾರೇ ಘಟ್ಟವೇರಿ ಕೊಡಗಿನಲ್ಲಿ ಮಳೆಗರೆದು, ಕಾವೇರಿಯನ್ನು ಕೆನ್ನೀರಿನ ಹೊಳೆಯಾಗಿಸಿ ಕೋಟೆಯ ಬುಡಕ್ಕೆ ತರುತ್ತಿತ್ತು. ನಡುದಾರಿಯಲ್ಲಿ, ಕೃಷ್ಣರಾಜಪೇಟೆಯ ಸೀಮೆಯಲ್ಲಿ, ಹೇಮಾವತಿಯೂ ಬಂದು ಕೂಡುತ್ತಿತ್ತು. ಆಮೇಲೆ ಹರಿಗೋಲನ್ನು ನಂಬಿದವನಿಗಷ್ಟೇ ಆಚೆಯ ದಡ. ಬೇಸಗೆಯ ಕೊನೆಯಲ್ಲಾದರೋ ಅದೇ ಹೊಳೆ ಬಂಡೆಗಳ ನಡುವೆ ನಡೆದು ದಾಟಬಹುದಾದ ಹಾದಿ. ಆ ಕೋಟೆಯ ಬಲ ಕಲ್ಲಿನಲ್ಲಿ ಎಷ್ಟಿತ್ತೋ ಪಂಚಾಂಗದಲ್ಲಿಯೂ ಅಷ್ಟೇ ಇತ್ತೆನ್ನಬೇಕು.

ಲಾರ್ಡ್ ಕಾರ್ನ್‌ವಾಲಿಸ್ ಇದನ್ನು ದುಬಾರಿ ಬೆಲೆ ತೆತ್ತು ಕಲಿತ. 1791ರ ಮಾರ್ಚ್ 21ರಂದು ಬೆಂಗಳೂರಿನ ಕೋಟೆಯನ್ನು ಹಿಡಿದವನು ಶ್ರೀರಂಗಪಟ್ಟಣಕ್ಕೆ ಹೊರಟದ್ದು ಮೇ ತಿಂಗಳ ಮೊದಲಲ್ಲಿ. ಕಾನಕಾನಹಳ್ಳಿಯ ದಾರಿ ಹಿಡಿದು 13ರಂದು ಅರಕೆರೆಗೆ ಬಂದ. ಅಬರ್‌ಕ್ರಾಂಬಿಯ ಸೇನೆ ಮಲೆಯಾಳದ ಕಡೆಯಿಂದ ಕೊಡಗನ್ನು ಹಾದು ಪಿರಿಯಾಪಟ್ಟಣ ಸೇರಿತ್ತು. ಅದನ್ನು ಕೂಡಿಕೊಳ್ಳಬೇಕಾದರೆ ಹೊಳೆ ದಾಟಬೇಕು. ಅರಕೆರೆಯಲ್ಲಿ ಅದು ಸಾಧ್ಯವಾಗಲಿಲ್ಲ. ಟಿಪ್ಪುವಿನ ದಂಡಿನ ಮೇಲೆ 14ರ ರಾತ್ರಿಯೇ ಹಠಾತ್ತನೆ ಬೀಳುವುದೆಂದು ಹೊಂಚಿ ಸೇನೆ ಹೊರಟಿತು. ಅಷ್ಟರಲ್ಲಿ ಗುಡುಗು ಮಿಂಚುಗಳೊಡನೆ ಕೃತ್ತಿಕೆಯ ಮಳೆ ಸುರಿಯಿತು. ಪಡೆಗಳು ಕತ್ತಲಲ್ಲಿ ದಾರಿ ತಪ್ಪಿ ಚದುರಿದವು. ಬೆಳಗಾಗುವ ವೇಳೆಗೆ ಗುಟ್ಟು ಗುಟ್ಟಾಗಿ ಉಳಿದಿರಲಿಲ್ಲ.

ಮರುದಿನ ಕರೀಘಟ್ಟದ ಬಳಿ ನಡೆದ ಕಾಳಗದಲ್ಲಿ ಗೆದ್ದವನು ಕಾರ್ನ್‌ವಾಲಿಸನೇ. ಆದರೆ ಟಿಪ್ಪುವಿನ ಸೇನೆ ದ್ವೀಪದೊಳಕ್ಕೆ ಸರಿದುಕೊಂಡಿತು. ಗೆದ್ದವನು ಹೊರಗೆ ನೆನೆಯುತ್ತ ಉಳಿದ. ಮೇವಿಲ್ಲದೆ, ರೋಗ ಬಡಿದು ಎತ್ತುಗಳು ಸಾಯತೊಡಗಿದವು. ಭಾರಿ ತೋಪುಗಳಿಗೆ ಮನುಷ್ಯರೇ ಹೆಗಲು ಕೊಟ್ಟು ಕಣ್ಣಂಬಾಡಿಯವರೆಗೆ ಎಳೆದು ತಂದರು. ಮೇ 22ರಂದು ತಮ್ಮ ಕೈಯಿಂದಲೇ ಅವನ್ನು ಹಾಳುಗೆಡವಿದರು. ಹಿಮ್ಮೆಟ್ಟಿ ಹೊರಟ ಈ ದಂಡಿಗೆ ಮೇಲುಕೋಟೆಯ ದಿಕ್ಕಿನಲ್ಲಿ ಕುದುರೆ ಸವಾರರು ಕಂಡಾಗ ಶತ್ರುಗಳೇ ಬಂದರೆಂದು ಗಾಬರಿಯಾಯಿತಂತೆ. ಬಂದವರು ಮಿತ್ರರಾದ ಮರಾಠರು. ಅವರ ಬಳಿ ದವಸವಿತ್ತು. ಒಂದೆರಡು ವಾರ ಮುಂಚೆ ಬಂದಿದ್ದರೆ ತೋಪುಗಳು ಉಳಿಯುತ್ತಿದ್ದವೋ ಏನೋ! ಮುಂದಿನ ಸಲ ಕಾರ್ನ್‌ವಾಲಿಸ್ ಮೇ ತಿಂಗಳನ್ನು ನೆಚ್ಚಲಿಲ್ಲ. 1792ರಲ್ಲಿ ಅವನು ದ್ವೀಪದ ಮೇಲೆ ಬಿದ್ದದ್ದು ಫೆಬ್ರವರಿ 6ರ ರಾತ್ರಿ.

ಹೀಗಿರುವಾಗ 1799ರಲ್ಲಿ ಟಿಪ್ಪು ಮಳೆಗಾಗಿ ಕಾದನೆಂದರೆ ಅದನ್ನು ಬರಿಯ ದೈವಭರವಸೆ ಎನ್ನಲಾಗದು. ಒಮ್ಮೆ ಫಲಿಸಿದ ಲೆಕ್ಕ ಅದು. ಜನರಲ್ ಹ್ಯಾರಿಸ್ ಏಪ್ರಿಲ್ 5ರಂದು ಕೋಟೆಯ ಪಶ್ಚಿಮಕ್ಕೆ ಬೀಡುಬಿಟ್ಟ. ಏಪ್ರಿಲ್ 16ರಂದು ಅಕ್ಕಿಯ ಮೂಟೆಗಳನ್ನು ಎಣಿಸಿ ನೋಡಿದರೆ ಕಾದಾಡುವ ಪಡೆಗೆ 18 ದಿನಗಳಿಗಾಗುವಷ್ಟು ಮಾತ್ರ ಉಳಿದಿತ್ತು. ಓದುಗರು ಬೆರಳು ಮಡಿಸಿ ನೋಡಬಹುದು: 16ಕ್ಕೆ 18 ಕೂಡಿದರೆ ಮೇ 4. ಒಳಗಿನವನು ನೀರೇರುವುದನ್ನು ಕಾಯುತ್ತಿದ್ದ. ಹೊರಗಿನವನು ಅಕ್ಕಿ ತಳ ಕಾಣುವುದನ್ನು ನೋಡುತ್ತಿದ್ದ.

ಮೇ 4ರಂದು ಮಧ್ಯಾಹ್ನ ಸುಮಾರು ಒಂದು ಗಂಟೆಗೆ, ಉರಿಬಿಸಿಲಿನಲ್ಲಿ, ಬೇರ್ಡ್ ತನ್ನ ಪಡೆಯನ್ನು ಹೊಳೆಗಿಳಿಸಿದ. ಹಿಂದೆ ಇದೇ ಪಟ್ಟಣದ ಸೆರೆಯಲ್ಲಿ ಮೂರು ವರ್ಷಕ್ಕೂ ಮೇಲ್ಪಟ್ಟು ಕೊಳೆತಿದ್ದವನು ಈತ. ಅಲ್ಲಿ ಪಾತ್ರದ ಅಗಲ ಸುಮಾರು 280 ಗಜ. ಕೆಲವೆಡೆ ಪಾದ ಮುಳುಗುವಷ್ಟು, ಕೆಲವೆಡೆ ಸೊಂಟ ಮುಟ್ಟುವಷ್ಟು ನೀರು. ಅಡಿಯಲ್ಲಿ ಜಾರುವ ಬಂಡೆ. ಕೆಲವೇ ನಿಮಿಷಗಳಲ್ಲಿ ಬಿರುಕಿನ ನೆತ್ತಿಯಲ್ಲಿ ಬಾವುಟ ಏರಿತು. ಸಂಜೆಯ ಹೊತ್ತಿಗೆ ಟಿಪ್ಪು ಹೆಣಗಳ ರಾಶಿಯಲ್ಲೊಬ್ಬನಾಗಿದ್ದ.

ಮಳೆ ಬಂದದ್ದು ಮರುದಿನ. ಟಿಪ್ಪುವಿನ ದಫನು ನಡೆದ ಮೇ 5ರ ಸಂಜೆ ಘೋರವಾದ ಗುಡುಗು ಮಳೆ ಸುರಿದು, ಸಿಡಿಲಿಗೆ ಬೊಂಬಾಯಿ ಸೇನೆಯ ಇಬ್ಬರು ಅಧಿಕಾರಿಗಳು ಸತ್ತರು. ಆ ದಿನಗಳು ಭರಣಿಯವು. ಒಂದು ದಿನ ಮೊದಲೇ ಬಂದಿದ್ದರೆ ರಾಜ್ಯ ಉಳಿಯುತ್ತಿತ್ತು ಎಂದು ಹಲುಬುವವರುಂಟು. ನನಗೆ ಹಾಗೆ ತೋರುವುದಿಲ್ಲ. ಭರಣಿ ಕೃತ್ತಿಕೆಗಳು ನಾಗಮಂಗಲದ ಬೆದ್ದಲಿನಲ್ಲಿ ಎಳ್ಳು ಬಿತ್ತುವುದಕ್ಕೆ ಹದ ಕೊಡುವ ಸಂಜೆಯ ಮಳೆಗಳು. ಸಿಡಿಲು ಹೆಚ್ಚು, ನೀರು ಕಡಿಮೆ. ಮದ್ದು ತೋಯಬಹುದು, ದಂಡು ದಾರಿ ತಪ್ಪಬಹುದು. ಕಾವೇರಿ ತುಂಬುವುದಕ್ಕೆ ಕೊಡಗಿನಲ್ಲಿ ಮುಂಗಾರೇ ಹಿಡಿಯಬೇಕು. ಅದಕ್ಕೆ ಇನ್ನೂ ಒಂದು ತಿಂಗಳಿತ್ತು. ಒಂದು ದಿನದ ಮಳೆ ಹ್ಯಾರಿಸನನ್ನು ಒಂದೆರಡು ದಿನ ತಡೆಯುತ್ತಿತ್ತು, ಅಷ್ಟೆ. ಅಕ್ಕಿ ಮುಗಿದವನು ಆ ಒಂದೆರಡು ದಿನ ತಾಳುತ್ತಿದ್ದನೆ ಎಂಬುದು ಮಾತ್ರ ಬೇರೆಯ ಪ್ರಶ್ನೆ.

ಪೂರ್ಣಯ್ಯನವರು 1804ರಲ್ಲಿ ಕಲ್ಲಿನ ಸೇತುವೆ ಕಟ್ಟಿಸಿದರು. 1911ರಲ್ಲಿ ಕಣ್ಣಂಬಾಡಿಯಲ್ಲಿ ಅಣೆಕಟ್ಟಿನ ಕೆಲಸ ಮೊದಲಾಯಿತು. ಹಳೆಯ ಕಣ್ಣಂಬಾಡಿ ಜಲಾಶಯದಲ್ಲಿ ಮುಳುಗಿತು. ಈಗ ಮೇ ತಿಂಗಳಲ್ಲಿ ಕೋಟೆಯ ಬಿರುಕಿನೆದುರು ನಿಂತು ಹೊಳೆಯನ್ನು ನೋಡುವವನಿಗೆ ಕಾಣುವುದು ಮೇಲಿನ ಅಣೆಕಟ್ಟು ಬಿಟ್ಟಷ್ಟು ನೀರು.