ಮಲ್ದಕಲ್–ಗದ್ವಾಲ ಸೀಮೆಯ ಭಾಷೆಗಳು

ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯ ಮಲ್ದಕಲ್, ಅದರ ಆಸುಪಾಸಿನ ಗದ್ವಾಲ ಮತ್ತು ಕೃಷ್ಣೆಯಾಚೆಯ ಮಕ್ತಲ್, ನಾರಾಯಣಪೇಟೆಗಳ ಭಾಷಾ ಚರಿತ್ರೆ. ಇಲ್ಲಿ ಹೆಚ್ಚಿನವರ ಮಾತು ತೆಲುಗು. ಕನ್ನಡ, ದಖನಿ ಉರ್ದು, ಲಂಬಾಣಿ, ಮರಾಠಿ ಅದರೊಡನೆ ಬದುಕಿವೆ. ಜಗತ್ತಿನಲ್ಲಿ 7,000ಕ್ಕೂ ಹೆಚ್ಚು ಭಾಷೆಗಳಿವೆ ಎನ್ನುತ್ತದೆ ಎಥ್ನೋಲಾಗ್ ಎಂಬ ಭಾಷಾಕೋಶ. ಅಂಥ ಲೆಕ್ಕಗಳು ಎಲ್ಲಿ ಸಡಿಲವೆಂದು ನೋಡಲು ಈ ಗಡಿಸೀಮೆ ತಕ್ಕ ಜಾಗ.

ಹಳೆಯ ಕಾಲದ ದಾಖಲೆ ತಕ್ಕಮಟ್ಟಿಗೆ ಸ್ಪಷ್ಟ. ಇದೇ ಸೀಮೆಯ ಆಲಂಪುರದಲ್ಲಿ ಕಲ್ಯಾಣ ಚಾಲುಕ್ಯರ ಕನ್ನಡ ಶಾಸನಗಳಿವೆ. 18ನೆಯ ಶತಮಾನದ ಹರಿದಾಸ ಗೋಪಾಲದಾಸರು ನೆಲೆಸಿದ ಉತ್ತನೂರು ಇಂದು ಗದ್ವಾಲ ಜಿಲ್ಲೆಯಲ್ಲಿದೆ. ಅವರ ಕೀರ್ತನೆಗಳು ಕನ್ನಡದವು. ಮಲ್ದಕಲ್ ತಿಮ್ಮಪ್ಪನ ಜಾತ್ರೆಗೆ ಈಗಲೂ ರಾಯಚೂರು ಕಡೆಯ ಭಕ್ತರು ಬರುತ್ತಾರೆ. ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಮೊದಲು ಪರ್ಷಿಯನ್, ಆಮೇಲೆ ಉರ್ದು.

ತೊಡಕು ಶುರುವಾಗುವುದು ಎಣಿಕೆಯ ಕಾಲದಲ್ಲಿ. 179 ಭಾಷೆ, 544 ಉಪಭಾಷೆಗಳನ್ನು ಗುರುತಿಸಿದ ಗ್ರಿಯರ್ಸನ್ನರ ಭಾರತೀಯ ಭಾಷಾ ಸರ್ವೇಕ್ಷಣೆ (1894–1928) ಹೈದರಾಬಾದ್, ಮೈಸೂರು ಸಂಸ್ಥಾನಗಳನ್ನೂ ಮದ್ರಾಸ್ ಪ್ರಾಂತವನ್ನೂ ಕೈಬಿಟ್ಟಿತ್ತು. ಹೀಗಾಗಿ ಆ ಸರ್ವೇಕ್ಷಣೆಯನ್ನು ಆಧಾರವಾಗಿಟ್ಟುಕೊಂಡು ಈ ಸೀಮೆಯ ಆಡುಮಾತಿನ ಬಗ್ಗೆ ಏನನ್ನಾದರೂ ಖಚಿತವಾಗಿ ಹೇಳುವ ಬರಹಗಳನ್ನು ಅನುಮಾನದಿಂದಲೇ ಓದಬೇಕು.

1956ರ ನವೆಂಬರ್ 1ರಂದು ಗಡಿ ಸರಿಯಿತು. ಅಲ್ಲಿಯವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಉಳಿದ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಮಕ್ತಲ್, ನಾರಾಯಣಪೇಟೆ ಮಹಬೂಬ್‌ನಗರ ಜಿಲ್ಲೆಯಲ್ಲೇ ಉಳಿದವು. ಕನ್ನಡ ಮಾತಾಡುವ ಮನೆಗಳು ಇದ್ದಲ್ಲೇ ಇದ್ದವು. ಹಾಗಾಗಿ 1951ರ ರಾಯಚೂರಿನ ಜನಗಣತಿ ಅಂಕಿಗಳನ್ನು ಮುಂದಿನವುಗಳ ಪಕ್ಕ ನೇರವಾಗಿ ಇಟ್ಟು ಹೋಲಿಸುವುದು ತಪ್ಪು.

ಜನಗಣತಿಯ ನಮೂನೆಯಲ್ಲಿ ಒಬ್ಬರಿಗೆ ಒಂದೇ ಮಾತೃಭಾಷೆ. ಗೊತ್ತಿರುವ ಬೇರೆ ಭಾಷೆಗಳಿಗೆ ಇನ್ನೆರಡು ಕಡೆ ಜಾಗವುಂಟು. ಅಮ್ಮನ ಹತ್ತಿರ ಕನ್ನಡ, ಅಂಗಡಿಯಲ್ಲಿ ತೆಲುಗು ಆಡುವವರು ಗಣತಿದಾರರಿಗೆ ಹೇಳುವ ಒಂದು ಹೆಸರೇ ಮುಖ್ಯ ಅಂಕಿಯಾಗುತ್ತದೆ. 2011ರಲ್ಲಿ ದೇಶದ ಜನ ಹೇಳಿದ 19,569 ಹೆಸರುಗಳನ್ನು ಸೋಸಿ 1,369 ಮಾತೃಭಾಷೆಗಳಾಗಿ, ಅವನ್ನು ಮತ್ತೆ 121 ಭಾಷೆಗಳಾಗಿ ಕಟ್ಟಲಾಯಿತು. ಈ ಸೋಸುವಿಕೆಯಲ್ಲಿ ಲಂಬಾಣಿ ಹಿಂದಿಯ ಕೆಳಗೆ ಸೇರಿತು. ತಾಂಡಾದವರ ಮನೆಮಾತು ಹಿಂದಿಯ ಲೆಕ್ಕ ಹಿಗ್ಗಿಸಿತು. ಗಣೇಶ ದೇವಿಯವರ ನೇತೃತ್ವದ ಜನಭಾಷಾ ಸರ್ವೇಕ್ಷಣೆ 780 ಭಾಷೆಗಳನ್ನು ಗುರುತಿಸಿದ್ದು ಬೇರೆ ಅಳತೆಗೋಲಿನಿಂದ.

ಗದ್ವಾಲ 2016ರಲ್ಲಿ, ನಾರಾಯಣಪೇಟೆ 2019ರಲ್ಲಿ ಜಿಲ್ಲೆಗಳಾದವು. ನಾರಾಯಣಪೇಟೆ ಜಿಲ್ಲೆಯ ಗಡಿಭಾಗದ ಕೃಷ್ಣಾ, ಮಾಗನೂರು ಕಡೆ ಸರಕಾರಿ ಕನ್ನಡ ಮಾಧ್ಯಮ ಶಾಲೆಗಳಿವೆ. ತೆಲಂಗಾಣದ ಹತ್ತನೆಯ ತರಗತಿ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. 2018ರ ಕಾಯ್ದೆಯಿಂದ ರಾಜ್ಯದ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯವಾಗಿದೆ.